ನಿಮಗಿದು ಗೊತ್ತೇ? ಹೋಟೆಲ್ ತಟ್ಟೆ, ಹೊಟ್ಟೆಯ ಸುತ್ತಳತೆ

★ ಬರ್ಗರ್, ಪಿಜ್ಜಾ ಮಾರುವ ಅಂಗಡಿಗಿಂತ ಕೂತು ಉಣ್ಣುವ ಹೋಟೆಲೇ ಹೆಚ್ಚು ಕ್ಯಾಲೊರಿ ಬಡಿಸುತ್ತದೆ! 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬ್ರೆಜಿಲ್, ಚೀನಾ, ಫಿನ್ಲೆಂಡ್, ಘಾನಾ ಮತ್ತು ಭಾರತದಲ್ಲಿ ಗಿರಾಕಿಗಳು ಹೆಚ್ಚಾಗಿ ತರಿಸಿಕೊಳ್ಳುವ ಊಟಗಳನ್ನೇ ದುಡ್ಡು ಕೊಟ್ಟು ಕೊಂಡು, ಪ್ರಯೋಗಾಲಯಕ್ಕೆ ಒಯ್ದು, ಉಪಕರಣದಲ್ಲಿ ಸುಟ್ಟು ಶಕ್ತಿಯನ್ನು ಅಳೆದರು. ಭಾರತದಿಂದ ಆಯ್ಕೆಯಾದ ಊರು ಯಾವುದು ಬಲ್ಲಿರಾ? ನಮ್ಮ ಬೆಂಗಳೂರು. ಕೂತು ಉಣ್ಣುವ ಹೋಟೆಲ್‌ಗಳ ಒಂದು ಊಟದಲ್ಲಿ ಸರಾಸರಿ 1,317 ಕ್ಯಾಲೊರಿ ಇತ್ತು, ಫಾಸ್ಟ್‌ಫುಡ್ ಊಟದಲ್ಲಿ 809. ಒಂದು ಹೊತ್ತಿಗೆ 600 ಸಾಕು ಎಂದಿಟ್ಟುಕೊಂಡರೆ, ಮೊದಲನೆಯ ಬಗೆಯ ಊಟಗಳಲ್ಲಿ ಶೇ 94ರಷ್ಟು ಆ ಗೆರೆಯನ್ನು ಮುಟ್ಟಿದ್ದವು ಅಥವಾ ದಾಟಿದ್ದವು. ಹೊಟ್ಟೆ ಬೆಳೆಸುವವರು ಅಮೆರಿಕದವರು ಎಂದು ನಗುವ ಮುಂಚೆ ಇದನ್ನೂ ಕೇಳಿ: ಚೀನಾ ಒಂದನ್ನು ಬಿಟ್ಟರೆ ಉಳಿದ ನಾಲ್ಕು ದೇಶಗಳ ಹೋಟೆಲ್ ಊಟ ಅಮೆರಿಕದ್ದಕ್ಕಿಂತ ಹಗುರವೇನೂ ಆಗಿರಲಿಲ್ಲ.

★ ಅದೇ ಅಧ್ಯಯನದಲ್ಲಿ ಹೆಸರು ಉಳಿಸಿಕೊಂಡದ್ದು ಫಿನ್ಲೆಂಡ್‌ನ ಕಚೇರಿ ಕ್ಯಾಂಟೀನ್. ಅಲ್ಲಿನ ಊಟದಲ್ಲಿ ಹೋಟೆಲಿನದಕ್ಕಿಂತ ಕಾಲು ಭಾಗ ಕಡಿಮೆ ಶಕ್ತಿ ಇತ್ತು. ಅಂದರೆ ಮನೆಯ ಹೊಸ್ತಿಲು ದಾಟಿದ್ದೇ ತಪ್ಪಲ್ಲ. ದಾಟಿ ಎಲ್ಲಿ ಕೂತಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ.

★ ಬ್ರಿಟನ್ನಿನ 27 ಹೋಟೆಲ್ ಸರಪಳಿಗಳ 13,396 ಊಟಗಳ ಲೆಕ್ಕ ಹಾಕಿದಾಗಲೂ ಇದೇ ಕಥೆ: ಫಾಸ್ಟ್‌ಫುಡ್‌ಗೆ 751, ಕೂತು ಉಣ್ಣುವ ಊಟಕ್ಕೆ 1,033 ಕ್ಯಾಲೊರಿ. 600ರ ಒಳಗೆ ನಿಂತದ್ದು ಹತ್ತರಲ್ಲಿ ಒಂದು ಊಟವೂ ಅಲ್ಲ.

★ 60 ಕೆಜಿ ತೂಕದವರು ಒಂದು ಕಿಲೋಮೀಟರ್ ನಡೆದರೆ ಖರ್ಚಾಗುವುದು ಸುಮಾರು 50 ಕ್ಯಾಲೊರಿ. ಮೇಲಿನ 1,317ನ್ನು ನಡೆದೇ ಕರಗಿಸುತ್ತೇನೆ ಎನ್ನುವವರು ಮೆಜೆಸ್ಟಿಕ್‌ನಿಂದ ಬಿಡದಿಯ ದಾರಿ ಹಿಡಿದು ಮುಕ್ಕಾಲು ಪಾಲು ಸವೆಸಬೇಕು. ಹಾಗೇ ಮುಂದುವರಿದು ಬಿಡದಿ ತಲುಪಿ ತಟ್ಟೆ ಇಡ್ಲಿ ಬೆಣ್ಣೆ ತಿಂದರೆ ಲೆಕ್ಕ ಮತ್ತೆ ಮೊದಲಿನಿಂದ!

★ ವಾರಕ್ಕೆ ಒಂದೇ ಒಂದು ಹೊರಗಿನ ಊಟ ಹೆಚ್ಚಾದರೆ ಏನಾಗುತ್ತದೆ? ಅಮೆರಿಕದ ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞರು 2010ರಲ್ಲಿ ಲೆಕ್ಕ ಹಾಕಿದರು. ಒಬ್ಬನೇ ವ್ಯಕ್ತಿ ಹೊರಗೆ ಉಂಡ ದಿನ, ಮನೆಯಲ್ಲಿ ಉಂಡ ದಿನಕ್ಕಿಂತ ಸರಾಸರಿ 134 ಕ್ಯಾಲೊರಿ ಹೆಚ್ಚು ತಿನ್ನುತ್ತಾನೆ. ವಾರಕ್ಕೊಂದರಂತೆ ಕೂಡುತ್ತಾ ಹೋದರೆ ವರ್ಷಕ್ಕೆ ಸುಮಾರು ಒಂದು ಕೆಜಿ. ಆದರೆ ದೇಹ ಕಾಗದದ ಲೆಕ್ಕದಂತೆ ನಡೆಯುವುದಿಲ್ಲ. ಸ್ಪೇನ್‌ನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಪದವೀಧರರನ್ನು ಹಲವು ವರ್ಷ ಹಿಂಬಾಲಿಸಿದಾಗ, ವಾರಕ್ಕೆ ಎರಡು ಸಲ ಅಥವಾ ಹೆಚ್ಚು ಹೊರಗೆ ಉಣ್ಣುವವರು ಉಳಿದವರಿಗಿಂತ ವರ್ಷಕ್ಕೆ 129 ಗ್ರಾಂ ಮಾತ್ರ ಹೆಚ್ಚು ದಪ್ಪಗಾಗಿದ್ದರು. ಅಷ್ಟೇನಾ ಎನ್ನಬೇಡಿ. ಮೂವತ್ತರಲ್ಲಿ ಶುರುವಾದದ್ದು ಅರವತ್ತಕ್ಕೆ ನಾಲ್ಕು ಕೆಜಿ ಸಮೀಪಿಸುತ್ತದೆ.

★ ಅಮೆರಿಕದಲ್ಲಿ ಮೂರು ಸಾವಿರ ಯುವಜನರನ್ನು 1985ರಿಂದ 15 ವರ್ಷ ಗಮನಿಸಿದ ಅಧ್ಯಯನವೊಂದಿದೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಫಾಸ್ಟ್‌ಫುಡ್ ತಿನ್ನುತ್ತಿದ್ದವರು, ವಾರಕ್ಕೊಮ್ಮೆಯೂ ತಿನ್ನದವರಿಗಿಂತ 4.5 ಕೆಜಿ ಹೆಚ್ಚು ಏರಿದ್ದರು. ಇನ್ಸುಲಿನ್‌ಗೆ ದೇಹ ಮಣಿಯದಿರುವ ಸ್ಥಿತಿಯ ಏರಿಕೆಯೂ ಅವರಲ್ಲಿ ಇಮ್ಮಡಿಯಾಗಿತ್ತು. ಸಕ್ಕರೆ ಕಾಯಿಲೆಯ ಹೆದ್ದಾರಿ ಅದೇ.

★ ನಮ್ಮ ಜೇಬು ಏನು ಹೇಳುತ್ತದೆ? 2022–23ರ ಕೇಂದ್ರ ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಪಾನೀಯ, ಕುರುಕಲು, ಸಿದ್ಧ ತಿನಿಸುಗಳಿಗೆ ನಗರದವರು ಒಟ್ಟು ಖರ್ಚಿನಲ್ಲಿ ಶೇ 10.64ರಷ್ಟು ಸುರಿಯುತ್ತಾರೆ. ಹಳ್ಳಿಯವರೇನು ಹಿಂದೆ ಬಿದ್ದಿಲ್ಲ, ಶೇ 9.62. ಅದೇ ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ, ಪಡಿತರದಲ್ಲಿ ಪುಕ್ಕಟೆ ಬಂದದ್ದು ಬಿಟ್ಟು, ನಗರದಲ್ಲಿ ಶೇ 3.64, ಹಳ್ಳಿಯಲ್ಲಿ ಶೇ 4.91. ಕಾಳು ಕೊಳ್ಳುವ ದುಡ್ಡಿಗಿಂತ ಕರಿದದ್ದು ಕೊಳ್ಳುವ ದುಡ್ಡೇ ಎರಡು ಪಟ್ಟು, ಮೂರು ಪಟ್ಟು.

★ ಕರ್ನಾಟಕದ ತಕ್ಕಡಿ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ (2015–16) ರಾಜ್ಯದ ಮಹಿಳೆಯರಲ್ಲಿ ಸುಮಾರು ಶೇ 23, ಪುರುಷರಲ್ಲಿ ಶೇ 22 ಮಂದಿ ಅತಿತೂಕದವರು. ಐದನೇ ಸುತ್ತಿಗೆ ಬರುವಷ್ಟರಲ್ಲಿ ಇಬ್ಬರೂ ಶೇ 30 ದಾಟಿದ್ದರು. ಇದಕ್ಕೆಲ್ಲ ಹೋಟೆಲೇ ಕಾರಣವೆಂದರೆ ಅನ್ಯಾಯ. ಸ್ಕೂಟರು, ಲಿಫ್ಟು, ಮೊಬೈಲು, ಮನೆಯಲ್ಲೇ ಬೇಯುವ ಬಿಳಿ ಅನ್ನದ ರಾಶಿ, ಎಲ್ಲಕ್ಕೂ ಪಾಲಿದೆ.

★ ಆ ಸಮೀಕ್ಷೆ ಗೆರೆ ಎಳೆದದ್ದು ಬಿಎಂಐ 25ಕ್ಕೆ. ಭಾರತೀಯರಿಗೆ ವೈದ್ಯರು ಎಳೆಯುವ ಗೆರೆ ಇನ್ನೂ ಕೆಳಗಿದೆ: 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು. ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಅದೂ ಹೊಟ್ಟೆಯ ಸುತ್ತ. ತಕ್ಕಡಿ ಇಲ್ಲದಿದ್ದರೆ ಟೇಪು ಸಾಕು. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರನ್ನು ದಪ್ಪಗಿಲ್ಲ ಎಂದು ಬಿಟ್ಟುಬಿಡುವಂತಿಲ್ಲ.

★ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಆಹಾರ ಸೂತ್ರದಲ್ಲಿ 2,000 ಕ್ಯಾಲೊರಿಯ ಒಂದು ದಿನದ ತಟ್ಟೆಯಲ್ಲಿ 400 ಗ್ರಾಂ ತರಕಾರಿ–ಸೊಪ್ಪು, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಇರಬೇಕು. ಎಣ್ಣೆ–ತುಪ್ಪ ಎಲ್ಲ ಸೇರಿ 27 ಗ್ರಾಂ. ಅಂದರೆ ಇಡೀ ದಿನಕ್ಕೆ ಎರಡು ದೊಡ್ಡ ಚಮಚ. ಈಗ ನಿಮ್ಮ ಇಷ್ಟದ ಹೋಟೆಲ್ ತಿಂಡಿಯನ್ನು ಇದರ ಪಕ್ಕ ಇಟ್ಟು ನೋಡಿ. ಸೆಟ್ ದೋಸೆಯ ಜೊತೆ ಬರುವ ಸಾಗುವಿನಲ್ಲಿ ಎಷ್ಟು ಬೀನ್ಸ್ ಇತ್ತು? ಚೌಚೌಬಾತ್‌ನಲ್ಲಿ ತರಕಾರಿ ಎಂದರೆ ಖಾರಾಬಾತ್‌ನಲ್ಲಿ ಅಲ್ಲೊಂದು ಇಲ್ಲೊಂದು ಕ್ಯಾರೆಟ್ ಚೂರು. ಕೇಸರಿಬಾತ್‌ನಲ್ಲಿ ಅದೂ ಇಲ್ಲ, ಬದಲಿಗೆ ಸಕ್ಕರೆ ಮತ್ತು ಬೆರಳಿಗೆ ಅಂಟುವ ತುಪ್ಪ. ಪೂರಿ–ಸಾಗು ತಿಂದು ಪಕ್ಕದ ಮೇಜಿನವರ ಮಸಾಲೆ ದೋಸೆಯನ್ನೂ ಹಂಚಿಕೊಂಡರೆ ಆ ದಿನದ ಎಣ್ಣೆಯ ಖಾತೆ ಬೆಳಗಿನ ಒಂಬತ್ತಕ್ಕೇ ಮುಗಿದಂತೆ. ಹೊರಗಿನ ಊಟದ ದೊಡ್ಡ ಕೊರತೆ ಅದರಲ್ಲಿ ಏನಿದೆ ಎಂಬುದಷ್ಟೇ ಅಲ್ಲ, ಏನಿಲ್ಲ ಎಂಬುದೂ ಹೌದು. ಹಲವು ದೇಶಗಳ 29 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2012ರ ವರದಿಯೂ ಇದನ್ನೇ ಹೇಳಿತು: ಹೊರಗೆ ಉಣ್ಣುವುದು ಹೆಚ್ಚಿದಷ್ಟೂ ಕೊಬ್ಬು ಏರುತ್ತದೆ, ಸಿ ವಿಟಮಿನ್, ಕ್ಯಾಲ್ಸಿಯಂ, ಕಬ್ಬಿಣ ಇಳಿಯುತ್ತವೆ.

★ ಹೋಟೆಲ್ ತಿಂಡಿಗಳಲ್ಲಿ ಎಣ್ಣೆಯ ಹಂಗಿಲ್ಲದೆ ಬರೀ ಹಬೆಯಲ್ಲಿ ಬೇಯುವುದು ಇಡ್ಲಿ. ಅಕ್ಕಿಯ ಜೊತೆ ಉದ್ದಿನ ಬೇಳೆ, ಮೇಲೆ ಹುದುಗು, ಪಕ್ಕದಲ್ಲಿ ತೊಗರಿಬೇಳೆಯ ಸಾಂಬಾರು. ಇದಕ್ಕಿಂತ ಒಳ್ಳೆಯ ಹೋಟೆಲ್ ತಿಂಡಿ ಇನ್ನೊಂದಿಲ್ಲ ಎಂಬುದು ನನ್ನ ವಾದ. ಆ ಒಂದು ಗುಣವನ್ನೂ ಸಹಿಸಲಾಗದೆ ಈಗ ಇಡ್ಲಿಯನ್ನು ತುಪ್ಪದಲ್ಲಿ ಮುಳುಗಿಸಿ, ಪುಡಿ ಉದುರಿಸಿ, ವಿಡಿಯೊ ಮಾಡಿ, ಆಮೇಲೆ ತಿನ್ನುತ್ತಿದ್ದೇವೆ.

★ ಮುಂದಿಟ್ಟಷ್ಟೂ ತಿನ್ನುತ್ತೇವೆ! ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಾರ್ಬರಾ ರೋಲ್ಸ್ ತಂಡ 2002ರಲ್ಲಿ ಒಂದೇ ಜನಕ್ಕೆ ಬೇರೆಬೇರೆ ದಿನ 500 ಗ್ರಾಂನಿಂದ 1,000 ಗ್ರಾಂವರೆಗೆ ಚೀಸ್ ಪಾಸ್ತಾ ಬಡಿಸಿತು. ದೊಡ್ಡ ಪಾಲು ಸಿಕ್ಕ ದಿನ ಶೇ 30ರಷ್ಟು ಹೆಚ್ಚು ತಿಂದರು. ಎದ್ದಾಗ ಹೊಟ್ಟೆ ತುಂಬಿದ ಭಾವ ಮಾತ್ರ ಎರಡೂ ದಿನ ಹೆಚ್ಚು ಕಡಿಮೆ ಒಂದೇ. ಹಾಗಾಗಿ ‘ಹಸಿವಿದ್ದಷ್ಟೇ ತಿನ್ನುತ್ತೇನೆ’ ಎನ್ನುವವರನ್ನು ಪೂರ್ತಿ ನಂಬಬೇಡಿ.

★ ‘ಚಿಕ್ಕ ತಟ್ಟೆಯಲ್ಲಿ ತಿಂದರೆ ತೂಕ ಇಳಿಯುತ್ತದೆ’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬೇಕು. ಅದನ್ನು ಜಗತ್ಪ್ರಸಿದ್ಧ ಮಾಡಿದವರಲ್ಲಿ ಮುಖ್ಯರು ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯನ್ ವಾನ್ಸಿಂಕ್. 2018ರಲ್ಲಿ ಅವರ ಸಂಶೋಧನೆಯಲ್ಲಿ ಅಕ್ರಮ ನಡೆದಿದೆ ಎಂದು ವಿಶ್ವವಿದ್ಯಾಲಯವೇ ತೀರ್ಮಾನಿಸಿತು. ಹತ್ತಕ್ಕೂ ಹೆಚ್ಚು ಲೇಖನಗಳನ್ನು ಪತ್ರಿಕೆಗಳು ಹಿಂದಕ್ಕೆ ಪಡೆದವು, ಅವರು ಹುದ್ದೆ ಬಿಟ್ಟರು. ತಟ್ಟೆಯ ಗಾತ್ರದ ಬಗ್ಗೆ ತಜ್ಞರು ಇನ್ನೂ ಕಿತ್ತಾಡುತ್ತಿದ್ದಾರೆ. ಬಡಿಸಿದ ಪ್ರಮಾಣದ ಬಗ್ಗೆ ಜಗಳವಿಲ್ಲ.

★ ಸಿನಿಮಾ ಮಂದಿರದ ಬಕೆಟ್ ಪಾಪ್‌ಕಾರ್ನ್ ಹುಟ್ಟಿದ್ದು ಸಂಕೋಚದಿಂದ! 1960ರ ದಶಕದಲ್ಲಿ ಅಮೆರಿಕದ ಚಿತ್ರಮಂದಿರಗಳ ಸರಪಳಿಯೊಂದರಲ್ಲಿದ್ದ ಡೇವಿಡ್ ವಾಲರ್‌ಸ್ಟೀನ್‌ಗೆ ಒಂದು ಚಿಂತೆ ಕಾಡಿತು. ಏನು ಆಮಿಷ ಒಡ್ಡಿದರೂ ಜನ ಎರಡನೇ ಪೊಟ್ಟಣ ಕೊಳ್ಳುತ್ತಿಲ್ಲ. ಎರಡು ಕೊಂಡರೆ ಹೊಟ್ಟೆಬಾಕ ಎಂದಾರು ಎಂಬ ನಾಚಿಕೆ ಅವರಿಗೆ. ಆತ ಪೊಟ್ಟಣವನ್ನೇ ದೊಡ್ಡದು ಮಾಡಿದ. ಪಾಪ್‌ಕಾರ್ನ್ ಜೊತೆಗೆ ಬಾಯಾರಿಕೆಯ ತಂಪು ಪಾನೀಯವೂ ಧಾರಾಳವಾಗಿ ಖರ್ಚಾಯಿತು. ಮುಂದೆ ಈತ ಮೆಕ್‌ಡೊನಾಲ್ಡ್ಸ್ ನಿರ್ದೇಶಕ ಮಂಡಳಿ ಸೇರಿ, ಆಲೂ ಫ್ರೈಸ್‌ಗೂ ಅದೇ ಮಂತ್ರ ಹೇಳಿಕೊಟ್ಟ. ‘ಇನ್ನು ಮೂವತ್ತು ರೂಪಾಯಿ ಹಾಕಿದರೆ ದೊಡ್ಡದೇ ಬರುತ್ತೆ ಸರ್’ ಎಂದು ನಮ್ಮ ಮಲ್ಟಿಪ್ಲೆಕ್ಸ್ ಕೌಂಟರಿನ ಹುಡುಗ ಹೇಳುವುದು ಆ ಮಂತ್ರದ ಮೊಮ್ಮಗ.

★ ಇದಕ್ಕೆ ತದ್ವಿರುದ್ಧವಾದದ್ದು ನಮ್ಮಲ್ಲೇ ಇದೆ: ಬೈಟೂ ಕಾಫಿ. ಒಂದನ್ನು ಎರಡು ಲೋಟಕ್ಕೆ ಹಂಚಿ, ಹರಟೆ ಮಾತ್ರ ಪೂರ್ತಿ ಇಟ್ಟುಕೊಳ್ಳುವ ಪದ್ಧತಿ. ಈಗ ಸೂಪು, ಗೋಬಿಗೂ ಬೈಟೂ ಕೇಳಿದರೆ ಬೆಂಗಳೂರಿನಲ್ಲಿ ಯಾವ ಮಾಣಿಯೂ ಹುಬ್ಬೇರಿಸುವುದಿಲ್ಲ. ಜೇಬಿಗಾಗಿ ಹುಟ್ಟಿದ ಅಭ್ಯಾಸ, ಹೊಟ್ಟೆಗೂ ಒಳ್ಳೆಯದಾಯಿತು. ದರ್ಶಿನಿಗಳಲ್ಲಿ ‘ಸಿಂಗಲ್ ಇಡ್ಲಿ’ ಕೇಳಿದರೂ ಕೊಡುತ್ತಾರೆ. ಸಿಂಗಲ್ ಬಿರಿಯಾನಿ ಕೇಳಿದರೆ ಮಾತ್ರ ಅದು ಇಬ್ಬರಿಗೆ ಆಗುವಷ್ಟು ಬರುತ್ತದೆ.

★ ಗುಂಪಿನಲ್ಲಿ ಕೂತರೆ ಕೈ ತಡೆಯದು. ಜನರ ಊಟದ ದಿನಚರಿ ಬರೆಸಿ ಅಭ್ಯಾಸ ಮಾಡಿದ ಅಮೆರಿಕದ ಜಾನ್ ಡಿ ಕ್ಯಾಸ್ಟ್ರೊ 1989ರಲ್ಲೇ ತೋರಿಸಿದಂತೆ, ಜೊತೆಗಾರರಿದ್ದಾಗಿನ ಊಟ ಒಂಟಿ ಊಟಕ್ಕಿಂತ ಶೇ 44ರಷ್ಟು ದೊಡ್ಡದು. ಆಫೀಸಿನ ಟೀಂ ಲಂಚ್, ಬರ್ತ್‌ಡೇ ಬಫೆ... ಇನ್ನು ಹೇಳಬೇಕೇ?

★ ಕುಡಿದ ಸಕ್ಕರೆಯನ್ನು ಹೊಟ್ಟೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2000ದಲ್ಲಿ 15 ಮಂದಿಗೆ ನಾಲ್ಕು ವಾರ ದಿನವೂ 450 ಕ್ಯಾಲೊರಿಯ ಜೆಲ್ಲಿ ಮಿಠಾಯಿ, ಇನ್ನು ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಸೋಡಾ ಪಾನೀಯ ಕೊಟ್ಟರು. ಮಿಠಾಯಿ ತಿಂದಾಗ ತಮಗರಿವಿಲ್ಲದೆ ಉಳಿದ ಊಟ ತಗ್ಗಿಸಿದರು. ಪಾನೀಯ ಕುಡಿದಾಗ ಊಟವೂ ಹಾಗೇ, ಮೇಲೆ ಇದೂ ಸೇರಿ ತೂಕ ಏರಿತು. ಊಟದ ಜೊತೆ ಬರುವ ಕೋಲಾ, ಫ್ರೆಶ್ ಲೈಮ್, ಮಿಲ್ಕ್‌ಶೇಕ್ ಎಲ್ಲದಕ್ಕೂ ಇದು ಅನ್ವಯ. ನೀರು ಪುಕ್ಕಟೆ ಸಿಗುತ್ತದೆ, ನೆನಪಿರಲಿ.

★ ಪೊಟ್ಟಣದ ಸಿದ್ಧ ಆಹಾರ ನಿಜಕ್ಕೂ ದಪ್ಪ ಮಾಡುತ್ತದೆಯೇ, ಇಲ್ಲವೇ ದಪ್ಪಗಿರುವವರೇ ಅದನ್ನು ತಿನ್ನುತ್ತಾರೆಯೇ? ಈ ಜಗಳಕ್ಕೆ 2019ರಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಒಂದು ಉತ್ತರ ತಂದರು. 20 ಮಂದಿಯನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಹಜ ಪದಾರ್ಥಗಳಿಂದ ಮಾಡಿದ ಅಡುಗೆ ಕೊಟ್ಟರು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಸರಿಸಮ. ಬೇಕಾದಷ್ಟು ತಿನ್ನಬಹುದು. ಸಿದ್ಧ ಆಹಾರದ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಒಳಹೋಯಿತು, 0.9 ಕೆಜಿ ಏರಿತು. ಸಹಜ ಅಡುಗೆಯಲ್ಲಿ 0.9 ಕೆಜಿ ಇಳಿಯಿತು. ಸಿದ್ಧ ಆಹಾರವನ್ನು ಅವರು ಬೇಗಬೇಗ ನುಂಗುತ್ತಿದ್ದುದೂ ಕಂಡಿತು. ಮೆದುವಾದದ್ದಕ್ಕೆ ಹಲ್ಲಿನ ಕೆಲಸ ಕಡಿಮೆ.

★ 2004ರ ‘ಸೂಪರ್ ಸೈಜ್ ಮಿ’ ಸಾಕ್ಷ್ಯಚಿತ್ರಕ್ಕಾಗಿ ಮಾರ್ಗನ್ ಸ್ಪರ್ಲಾಕ್ 30 ದಿನ ಮೂರು ಹೊತ್ತೂ ಮೆಕ್‌ಡೊನಾಲ್ಡ್ಸ್ ಊಟವನ್ನೇ ತಿಂದು 11 ಕೆಜಿ ಏರಿದ್ದು ಜಗತ್ತಿಗೆಲ್ಲ ಗೊತ್ತು. ಅದಾಗಿ ಸುಮಾರು ಹತ್ತು ವರ್ಷಕ್ಕೆ ಅಯೋವಾದ ವಿಜ್ಞಾನ ಶಿಕ್ಷಕರೊಬ್ಬರು 90 ದಿನ ಅದೇ ಅಂಗಡಿಯಲ್ಲಿ ಉಂಡು ಸುಮಾರು 17 ಕೆಜಿ ಇಳಿದದ್ದು ಅಷ್ಟಾಗಿ ಗೊತ್ತಿಲ್ಲ. ಅವರು ದಿನಕ್ಕೆ 2,000 ಕ್ಯಾಲೊರಿಯ ಮಿತಿ ಹಾಕಿಕೊಂಡು, 45 ನಿಮಿಷ ನಡೆಯುತ್ತಿದ್ದರು. ಸ್ಪರ್ಲಾಕ್ ನಡಿಗೆ ತಗ್ಗಿಸಿ, ದೊಡ್ಡ ಪಾಲು ಬೇಕೇ ಎಂದಾಗಲೆಲ್ಲ ಹೂಂ ಅನ್ನುತ್ತಿದ್ದರು. ಇಬ್ಬರೂ ಒಬ್ಬೊಬ್ಬರೇ ಮಾಡಿದ ಪ್ರಯೋಗವಾದ್ದರಿಂದ ವಿಜ್ಞಾನದ ತೂಕ ಕಡಿಮೆ. ಆದರೂ ನಾನು ಸ್ಪರ್ಲಾಕ್‌ಗಿಂತ ಮೇಷ್ಟರ ಪ್ರಯೋಗದಿಂದಲೇ ಹೆಚ್ಚು ಕಲಿತೆ.

★ ಮನೆಯೂಟದ ಪರ ಒಂದು ಸಾಕ್ಷಿ: ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಮುತ್ತಲಿನ 11 ಸಾವಿರ ವಯಸ್ಕರಲ್ಲಿ, ವಾರಕ್ಕೆ ಐದಕ್ಕಿಂತ ಹೆಚ್ಚು ಸಲ ಮನೆಯಲ್ಲಿ ಮಾಡಿದ್ದನ್ನು ಉಣ್ಣುವವರು, ಮೂರಕ್ಕಿಂತ ಕಡಿಮೆ ಸಲ ಉಣ್ಣುವವರಿಗಿಂತ ದಿನಕ್ಕೆ ಸುಮಾರು 98 ಗ್ರಾಂ ತರಕಾರಿ, 62 ಗ್ರಾಂ ಹಣ್ಣು ಹೆಚ್ಚು ತಿನ್ನುತ್ತಿದ್ದರು. ಅತಿತೂಕದ ಸಾಧ್ಯತೆ ಶೇ 28ರಷ್ಟು ಕಡಿಮೆಯಿತ್ತು. ಅದೇ ಸೀಮೆಯ ಮತ್ತೊಂದು ಅಧ್ಯಯನದಲ್ಲಿ ಮನೆ, ಕಚೇರಿ, ಓಡಾಡುವ ದಾರಿಯಲ್ಲಿ ಪಾರ್ಸೆಲ್ ಅಂಗಡಿಗಳು ಹೆಚ್ಚಿದ್ದವರಲ್ಲಿ ಬೊಜ್ಜಿನ ಸಾಧ್ಯತೆ ಇಮ್ಮಡಿಗೆ ಹತ್ತಿರ.

★ ಇಂಥ ಅಂಕಿ ಓದುವಾಗ ಒಂದು ಎಚ್ಚರ ಬೇಕು. ದಿನಕ್ಕೆ ಎರಡು ಅಥವಾ ಹೆಚ್ಚು ಹೊತ್ತು ಹೊರಗೆ ಉಣ್ಣುವ ಅಮೆರಿಕನ್ನರಲ್ಲಿ ಸಾವಿನ ಅಪಾಯ ಶೇ 49ರಷ್ಟು ಹೆಚ್ಚು ಎಂದು 2021ರಲ್ಲಿ ಒಂದು ವರದಿ ಬಂದು ಪತ್ರಿಕೆಗಳಲ್ಲಿ ತಲೆಬರಹವಾಯಿತು. ಆದರೆ ಹಾಗೆ ಉಣ್ಣುವವರು ಯಾರು? ಪಾಳಿ ಕೆಲಸದವರು, ಒಂಟಿಯಾಗಿರುವವರು, ಅಡುಗೆಗೆ ಬಿಡುವೇ ಇಲ್ಲದವರು ಅವರಲ್ಲಿ ಇರಬಹುದು. ನಿದ್ದೆಗೆಟ್ಟದ್ದು ಎಷ್ಟು, ಊಟ ಕೆಟ್ಟದ್ದು ಎಷ್ಟು ಎಂದು ಪೂರ್ತಿ ಬಿಡಿಸಿ ಹೇಳಲು ಯಾವ ಲೆಕ್ಕಶಾಸ್ತ್ರಕ್ಕೂ ಆಗುವುದಿಲ್ಲ. ಜೊತೆಗೆ ಕಾಣುವುದೆಲ್ಲ ಕಾರಣವಲ್ಲ.

★ ಉಪ್ಪಿನ ವಿಷಯದಲ್ಲಿ ಮಾತ್ರ ಹೋಟೆಲನ್ನು ದೂರುವ ಮುಂಚೆ ಅಡುಗೆಮನೆಯ ಡಬ್ಬ ನೋಡಿ. ದಿನಕ್ಕೆ 5 ಗ್ರಾಂ ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತೀಯರ ಸರಾಸರಿ ಸುಮಾರು 8 ಗ್ರಾಂ. ಅಮೆರಿಕನ್ನರ ಉಪ್ಪಿನ ಶೇ 71ರಷ್ಟು ಬರುವುದು ಹೋಟೆಲ್ ಮತ್ತು ಪೊಟ್ಟಣದ ಆಹಾರದಿಂದ. ನಮ್ಮ ಉಪ್ಪಿನ ಬಹುಪಾಲು ಮನೆಯ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳದಿಂದಲೇ.

★ ಕಾಯಿಸಿದ ಎಣ್ಣೆಯನ್ನೇ ಮತ್ತೆಮತ್ತೆ ಕಾಯಿಸುವುದಕ್ಕೆ ಕಾನೂನಿನ ಮಿತಿ ಇದೆ. ಹಾಗೆ ಕಾಯಿಸಿದಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ, ಇದು 2018ರ ಜುಲೈ 1ರಿಂದ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕು. ತೆಗೆದ ಎಣ್ಣೆ ಬಯೋಡೀಸೆಲ್‌ಗೆ ಹೋಗಬೇಕು. ಬಜ್ಜಿ ಗಾಡಿಯ ಬಾಣಲೆಗೆ ಈ ಕಾನೂನು ಇಳಿದು ಬಂದದ್ದನ್ನು ನೀವು ನೋಡಿದ್ದೀರಾ?

★ ಟ್ರಾನ್ಸ್ ಕೊಬ್ಬಿನಲ್ಲಿ ಮಾತ್ರ ಭಾರತ ದೊಡ್ಡ ಹೆಜ್ಜೆ ಇಟ್ಟಿತು. ಎಣ್ಣೆ, ವನಸ್ಪತಿಗಳಲ್ಲಿ 2021ರ ಜನವರಿಯಿಂದ ಶೇ 3, ಮರುವರ್ಷ ಶೇ 2ರ ಮಿತಿ. ಬೇಕರಿಯ ಪಫ್ಸ್, ಬೆಣ್ಣೆ ಬಿಸ್ಕತ್ ಪ್ರಿಯರ ಹೃದಯಕ್ಕೆ ಇದು ಸದ್ದಿಲ್ಲದೆ ಆದ ಉಪಕಾರ.

★ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ. ನಿಷೇಧ ಸರಿಯೇ. ಆದರೆ ಕೆಂಪು ಹೋದ ಮೇಲೂ ಗೋಬಿಯಲ್ಲಿ ಉಳಿದದ್ದು ಮೈದಾ, ಮೆಕ್ಕೆಜೋಳದ ಹಿಟ್ಟು, ಎಣ್ಣೆ, ಸಾಸು. ನಡುವೆ ಬೆರಳುಗಾತ್ರದ ಹೂಕೋಸು. ತರಕಾರಿ ತಿಂದೆ ಎಂದು ಬರೆದುಕೊಳ್ಳಬೇಡಿ.

★ ಭಾರತದ ಮೊದಲ ಕೆಎಫ್‌ಸಿ ತೆರೆದದ್ದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ, 1995ರ ಜೂನ್‌ನಲ್ಲಿ. ರುಚಿಗೆ ಹಾಕುವ ಅಜಿನೊಮೊಟೊ ಮಿತಿ ಮೀರಿದೆ ಎಂದು ಕೆಲವೇ ತಿಂಗಳಲ್ಲಿ ಪಾಲಿಕೆ ಪರವಾನಗಿ ರದ್ದು ಮಾಡಿತು. ಅಂಗಡಿಯವರು ಕೋರ್ಟಿಗೆ ಹೋಗಿ ಮತ್ತೆ ಬಾಗಿಲು ತೆರೆದರು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಅದರ ಮೇಲೆ ನುಗ್ಗಿದರು. ಬೀಜ, ಧಾನ್ಯ, ವಿದೇಶಿ ಕಂಪನಿಗಳ ಪ್ರಶ್ನೆ ಅವರದು. ಸೊಂಟದ ಸುತ್ತಳತೆ ಆಗ ಯಾರ ಚರ್ಚೆಯಲ್ಲೂ ಇರಲಿಲ್ಲ.

★ ಪಕ್ಕದ ಕೇರಳ 2016ರಲ್ಲಿ ಬ್ರ್ಯಾಂಡೆಡ್ ಹೋಟೆಲ್‌ಗಳ ಬರ್ಗರ್, ಪಿಜ್ಜಾಗಳ ಮೇಲೆ ಶೇ 14.5ರ ‘ಕೊಬ್ಬಿನ ತೆರಿಗೆ’ ಹಾಕಿತು. ಹಣಕಾಸು ಸಚಿವರಾಗಿದ್ದವರು ಥಾಮಸ್ ಐಸಾಕ್. ಮರುವರ್ಷ ಜಿಎಸ್‌ಟಿ ಬಂದು ತೆರಿಗೆ ಕರಗಿತು. ಕರಿದ ನೇಂದ್ರ ಬಾಳೆ ಚಿಪ್ಸ್‌ನ ತಂಟೆಗೆ ಅದು ಹೋಗಿರಲೇ ಇಲ್ಲ.

★ ಲಾಸ್ ಏಂಜಲೀಸ್ ನಗರ 2008ರಲ್ಲಿ ತನ್ನ ದಕ್ಷಿಣ ಭಾಗದಲ್ಲಿ ಹೊಸ ಫಾಸ್ಟ್‌ಫುಡ್ ಅಂಗಡಿ ತೆರೆಯದಂತೆ ತಡೆದಿತ್ತು. 2015ರಲ್ಲಿ ನೋಡಿದರೆ ಅಲ್ಲಿ ಬೊಜ್ಜು ಉಳಿದ ಕಡೆಗಿಂತ ಬೇಗ ಏರಿತ್ತು. ಹಳೆಯ ಅಂಗಡಿಗಳು ಇದ್ದಲ್ಲೇ ಇದ್ದವಲ್ಲ!

★ ಮಕ್ಕಳ ಊಟಕ್ಕೆ ಆಟಿಕೆ ಕೊಡಬೇಕಾದರೆ ಊಟ ಪೌಷ್ಟಿಕವಾಗಿರಬೇಕು ಎಂದು ಸ್ಯಾನ್ ಫ್ರಾನ್ಸಿಸ್ಕೊ 2010ರಲ್ಲಿ ಕಾನೂನು ಮಾಡಿತು. ಮೆಕ್‌ಡೊನಾಲ್ಡ್ಸ್ ಆಟಿಕೆಗೆ 10 ಸೆಂಟ್ ಬೆಲೆ ಕಟ್ಟಿ ಮಾರಿತು. ಮುಗಿಯಿತು ಕಾನೂನು.

★ ಹಾಗಾದರೆ ಹೊರಗಿನ ಊಟವೆಲ್ಲ ಹಾಳೇ? ಹುಬ್ಬಳ್ಳಿ, ಧಾರವಾಡ, ವಿಜಯಪುರದ ಯಾವುದಾದರೂ ಹಳೆಯ ಖಾನಾವಳಿಗೆ ಹೋಗಿ ಕೂರಿ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಎಣ್ಣೆಗಾಯಿ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾರು, ಕಾಳು, ಸೊಪ್ಪು ಎಲ್ಲವೂ ಒಂದೇ ತಟ್ಟೆಯಲ್ಲಿ. ರೊಟ್ಟಿ ಅಗಿಯಲು ದವಡೆಗೂ ಕೆಲಸ. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಬಸಿದಿಟ್ಟರೆ ಪೋಷಣಾ ಸಂಸ್ಥೆಯ ಸೂತ್ರಕ್ಕೆ ಇಷ್ಟು ಹತ್ತಿರ ಬರುವ ಹೋಟೆಲ್ ಊಟ ರಾಜ್ಯದಲ್ಲಿ ಇನ್ನೊಂದು ಸಿಗುವುದು ಕಷ್ಟ. ಅದೇ ಊರಿನ ಹವಾನಿಯಂತ್ರಿತ ಹೋಟೆಲಿನಲ್ಲಿ ಬಟರ್ ನಾನ್, ಪನೀರ್ ಬಟರ್ ಮಸಾಲಾ, ಜೀರಾ ರೈಸ್ ತರಿಸಿದರೆ ಬಿಲ್ಲು ಮೂರು ಪಟ್ಟು, ಸೊಪ್ಪು ಸೊನ್ನೆ.

★ ಅಮೆರಿಕದ ಮಕ್ಕಳಿಗೆ ಅತ್ಯುತ್ತಮ ಊಟ ಸಿಗುವುದು ಎಲ್ಲಿ? ಹೋಟೆಲಿನಲ್ಲಂತೂ ಅಲ್ಲ, ಮನೆಯಲ್ಲೂ ಅಲ್ಲ, ಶಾಲೆಯಲ್ಲಿ! ಅಲ್ಲಿನ ಶಾಲಾ ಊಟದಲ್ಲಿ ಕಳಪೆ ಗುಣಮಟ್ಟದ್ದು 2003ರ ಸುಮಾರಿಗೆ ಶೇ 56 ಇತ್ತು, 2018ಕ್ಕೆ ಶೇ 24ಕ್ಕೆ ಇಳಿಯಿತು. ನಡುವೆ 2010ರಲ್ಲಿ ಶಾಲೆಗಳಿಗೆ ಕಟ್ಟುನಿಟ್ಟಿನ ಪೋಷಣೆಯ ಕಾನೂನು ಬಂದಿತ್ತು. ನಮ್ಮ ಅಕ್ಷರ ದಾಸೋಹವೂ ಮನೆಯಾಚೆಯ ಊಟವೇ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಆಮೇಲೆ ಮೊಟ್ಟೆ ಬಂತು, 2024ರಿಂದ ಅದು ವಾರಕ್ಕೆ ಆರು ದಿನವಾಯಿತು, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಎಷ್ಟೋ ಮಕ್ಕಳಿಗೆ ಪ್ರೊಟೀನ್ ಸಿಗುವ ಹೊತ್ತು ಅದೊಂದೇ. ಕೂಲಿಯವರ ಪಾಲಿಗೆ ಇದೇ ಸಾಲಿಗೆ ಸೇರುವುದು 2017ರಲ್ಲಿ 5 ರೂಪಾಯಿ ತಿಂಡಿ, 10 ರೂಪಾಯಿ ಊಟದೊಂದಿಗೆ ಶುರುವಾದ ಇಂದಿರಾ ಕ್ಯಾಂಟೀನ್. ಹೊರಗೆ ಉಣ್ಣುವುದು ಕೆಲವರಿಗೆ ಚಪಲ, ಕೆಲವರಿಗೆ ಇರುವ ಒಂದೇ ದಾರಿ. ಇಬ್ಬರಿಗೂ ಒಂದೇ ಉಪದೇಶ ಸಲ್ಲದು.

★ ಬ್ರೆಜಿಲ್‌ನಲ್ಲಿ ತೂಕದ ಹೋಟೆಲ್‌ಗಳಿವೆ. ತಟ್ಟೆಗೆ ಬೇಕಾದಷ್ಟು ಹಾಕಿಕೊಂಡು ತಕ್ಕಡಿಯ ಮೇಲಿಟ್ಟರೆ ತೂಕಕ್ಕೆ ತಕ್ಕ ದುಡ್ಡು. ಅನ್ನ, ರಾಜ್ಮಾದಂಥ ಕಾಳು, ತರಕಾರಿ ಎಲ್ಲ ಸಿಗುತ್ತವೆ. ಹೊರಗೆ ಉಣ್ಣುವುದಾದರೆ ಇಂಥಲ್ಲಿ ಉಣ್ಣಿ ಎಂದು ಅಲ್ಲಿನ ಸರ್ಕಾರ 2014ರ ಆಹಾರ ಮಾರ್ಗಸೂಚಿಯಲ್ಲೇ ಬರೆದಿದೆ. ‘ಅನ್‌ಲಿಮಿಟೆಡ್’ ಬೋರ್ಡಿಗಿಂತ ಇದು ಎಷ್ಟೋ ಮೇಲು.

★ ಈಗ ಹೊರಗೆ ಹೋಗದೆಯೂ ಹೊರಗೆ ಉಣ್ಣಬಹುದು. ಸ್ವಿಗ್ಗಿ ಹುಟ್ಟಿದ್ದು 2014ರಲ್ಲಿ ಬೆಂಗಳೂರಿನಲ್ಲೇ. ವರ್ಷಾಂತ್ಯದ ಅದರ ಪಟ್ಟಿಯಲ್ಲಿ ಸತತವಾಗಿ ಮೊದಲ ಸ್ಥಾನ ಬಿರಿಯಾನಿಗೆ. ಹೋಟೆಲಿಗೆ ನಡೆದು ಹೋಗುತ್ತಿದ್ದ ನಾಲ್ಕು ಹೆಜ್ಜೆಯೂ ಉಳಿಯಿತು.

★ ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲ್‌ಗಳು ಮೆನುವಿನಲ್ಲಿ ಪ್ರತಿ ತಿನಿಸಿನ ಪಕ್ಕ ಅದರ ಕ್ಯಾಲೊರಿ ನಮೂದಿಸಬೇಕು ಎಂಬ ನಿಯಮ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಜಾರಿಗೆ ಬಂದದ್ದು 2022ರ ಜುಲೈ 1ಕ್ಕೆ. ನ್ಯೂಯಾರ್ಕ್ ನಗರ 2008ರಲ್ಲೇ ಇದನ್ನು ಶುರು ಮಾಡಿತ್ತು. ಫಲ ದೊಡ್ಡದೇನಲ್ಲ. ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ 2025ರ ಕೊಕ್ರೇನ್ ವರದಿಯಂತೆ, ಅಂಕಿ ಕಂಡವರು 600 ಕ್ಯಾಲೊರಿಯ ಊಟದಲ್ಲಿ 11 ಕ್ಯಾಲೊರಿ ಮಾತ್ರ ಕಡಿಮೆ ಮಾಡಿಕೊಂಡರು. ಆದರೂ ಅಂಕಿ ಇರಲಿ. ನಾವು ನೋಡದಿದ್ದರೂ ಅಡುಗೆಯವರು ಅದನ್ನು ಬರೆಯುವ ಮುಂಚೆ ಒಮ್ಮೆ ನೋಡಬೇಕಾಗುತ್ತದಲ್ಲ. ಇದೇ ನಿಯಮದಡಿ, ಗಿರಾಕಿ ಕೇಳಿದರೆ ತಿನಿಸಿನ ಪೋಷಕಾಂಶಗಳ ವಿವರವನ್ನೂ ಹೋಟೆಲ್ ಒದಗಿಸಬೇಕು. ಆನ್‌ಲೈನ್‌ನಲ್ಲಿ ಊಟ ತಲುಪಿಸುವ ಆ್ಯಪ್‌ಗಳೂ ಈ ಮಾಹಿತಿ ತೋರಿಸಬೇಕು. ಮುಂದಿನ ಸಲ ದೊಡ್ಡ ಸರಪಳಿ ಹೋಟೆಲಿಗೆ ಹೋದಾಗ ಮೆನುವಿನಲ್ಲಿ ಬೆಲೆಯ ಪಕ್ಕ ಆ ಅಂಕಿ ಕಾಣದಿದ್ದರೆ, ಆರ್ಡರ್ ಕೊಡುವ ಮುಂಚೆ ದಯವಿಟ್ಟು ಕೇಳಿ.